ಎಣಿಕೆ ಲೆಕ್ಕ ಪದೇ ಪದೇ ತಪ್ಪುತ್ತಿದೆಯಾ? ಡಿಸ್ಕ್ರೀಟ್ ಮ್ಯಾತ್ಸ್ ಅಭ್ಯಾಸಕ್ಕೆ ಹಂತ ಹಂತದ ಮಾರ್ಗದರ್ಶಿ

ಡಿಸ್ಕ್ರೀಟ್ ಮ್ಯಾತ್ಸ್‌ನಲ್ಲಿ ಟ್ರೂತ್ ಟೇಬಲ್ ಎಲ್ಲರಿಗೂ ಬರುತ್ತದೆ. ಗಣಗಳ ಚಿತ್ರವೂ ಬರುತ್ತದೆ. ಎಣಿಕೆಯ ಅಧ್ಯಾಯ ಶುರುವಾದ ಕೂಡಲೇ ಪೆನ್ನು ನಿಂತುಬಿಡುತ್ತದೆ. ತುಮಕೂರಿನ ಬಿಸಿಎ, ಇಂಜಿನಿಯರಿಂಗ್ ಮಕ್ಕಳು ತೋರಿಸುವ ನೋಟ್‌ಬುಕ್‌ಗಳಲ್ಲಿ ನನಗೆ ಕಾಣುವ ತೊಂದರೆ ಒಂದೇ. ಪ್ರಶ್ನೆ ಅರ್ಧ ಓದುವಷ್ಟರಲ್ಲಿ "ಇದಕ್ಕೆ ಎನ್‌ಪಿಆರ್ ಹಾಕಬೇಕಾ, ಎನ್‌ಸಿಆರ್ ಹಾಕಬೇಕಾ?" ಎಂದು ಯೋಚಿಸಲು ಶುರು ಮಾಡುತ್ತಾರೆ. (ಎನ್‌ಪಿಆರ್ ಅಂದರೆ ಎನ್ ವಸ್ತುಗಳಲ್ಲಿ ಆರ್ ತೆಗೆದು ಕ್ರಮವಾಗಿ ಜೋಡಿಸುವ ವಿಧಗಳು, ಎನ್‌ಸಿಆರ್ ಅಂದರೆ ಕ್ರಮ ನೋಡದೆ ಬರೀ ಆರಿಸುವ ವಿಧಗಳು.) ಸೂತ್ರ ಕಡೆಗೆ ಬರಬೇಕಾದದ್ದು. ಅದಕ್ಕಿಂತ ಮುಂಚೆ ಮಾಡಬೇಕಾದ ಕೆಲಸ ಜಾಸ್ತಿ ಇದೆ. ಕೆಳಗಿನ ಕ್ರಮ ಆ ಕೆಲಸಕ್ಕೆ. ಕ್ರಮ ಬದಲಿಸಬೇಡಿ.

ಬೇಕಾದ ಸಾಮಾನು

ರಫ್ ಹಾಳೆ, ಪೆನ್ಸಿಲ್, ಸೈಂಟಿಫಿಕ್ ಕ್ಯಾಲ್ಕುಲೇಟರ್. ಇಷ್ಟು ಸಾಕು. ಕ್ಯಾಲ್ಕುಲೇಟರ್‌ನಲ್ಲಿ ದೊಡ್ಡ ಫ್ಯಾಕ್ಟೋರಿಯಲ್ (5! ಅಂದರೆ 5×4×3×2×1, ಹಾಗೆ) ನೇರವಾಗಿ ಒತ್ತಬೇಡಿ. ಸಾಮಾನ್ಯ ಕ್ಯಾಲ್ಕುಲೇಟರ್ 69! ತನಕ ಮಾತ್ರ ಹೋಗುತ್ತದೆ, 70! ಒತ್ತಿದರೆ ಎರರ್ ತೋರಿಸುತ್ತದೆ. ಮೇಲೆ ಕೆಳಗೆ ಹೊಡೆದುಹಾಕಿ, ಉಳಿದದ್ದನ್ನು ಮಾತ್ರ ಗುಣಿಸಿ.

ಮನೆಯಲ್ಲಿ ಲ್ಯಾಪ್‌ಟಾಪ್ ಇದ್ದರೆ ಪೈಥಾನ್ ಕೂಡ ಇರಲಿ. ಉತ್ತರ ತಾಳೆ ನೋಡಲು ಅದು ಬೇಕಾಗುತ್ತದೆ. ಉತ್ತರ ಹುಡುಕಲು ಅಲ್ಲ.

ಹಂತ 1: ಮೊದಲು ಒಂದು ನಮೂನೆ ಬರೆಯಿರಿ

ಪ್ರಶ್ನೆ ಕೇಳುವುದು "ಎಷ್ಟು ವಿಧ?" ಎಂದು. ನೀವು ಮೊದಲು ಒಂದೇ ಒಂದು ವಿಧವನ್ನು ಪೂರ್ತಿಯಾಗಿ ಬರೆಯಿರಿ.

ತುಮಕೂರು ಜಿಲ್ಲೆಯಲ್ಲಿ 10 ತಾಲ್ಲೂಕುಗಳಿವೆ. ಅವುಗಳಲ್ಲಿ 3 ತಾಲ್ಲೂಕುಗಳನ್ನು ಸರ್ವೆಗೆ ಆರಿಸಬೇಕು ಅಂತಿಟ್ಟುಕೊಳ್ಳಿ. ನಮೂನೆ: ಶಿರಾ, ಗುಬ್ಬಿ, ಕುಣಿಗಲ್. ಈಗ ಅದರ ಕೆಳಗೆ ಅವನ್ನೇ ಅದಲುಬದಲು ಮಾಡಿ ಬರೆಯಿರಿ: ಕುಣಿಗಲ್, ಶಿರಾ, ಗುಬ್ಬಿ. ಈ ಎರಡು ಸಾಲುಗಳು ಒಂದೇ ಉತ್ತರವೋ, ಬೇರೆ ಬೇರೆಯೋ? ಸರ್ವೆಗೆ ಆರಿಸುವುದಾದರೆ ಒಂದೇ. ಮೊದಲ ದಿನ ಎಲ್ಲಿಗೆ, ಎರಡನೇ ದಿನ ಎಲ್ಲಿಗೆ ಎಂದು ಪ್ರವಾಸದ ಪಟ್ಟಿ ಮಾಡುವುದಾದರೆ ಬೇರೆ. ಮೊದಲನೆಯದಕ್ಕೆ 120, ಎರಡನೆಯದಕ್ಕೆ 720.

ಈ ಹಂತಕ್ಕೆ ಅರ್ಧ ನಿಮಿಷ ಸಾಕು. ಆದರೂ ಇದನ್ನು ಬಿಟ್ಟು ಮುಂದೆ ಹೋಗುವವರೇ ಜಾಸ್ತಿ. ನಮೂನೆ ಬರೆಯಲು ಆಗುತ್ತಿಲ್ಲ ಎಂದರೆ ಪ್ರಶ್ನೆ ಅರ್ಥವಾಗಿಲ್ಲ ಎಂದೇ ಲೆಕ್ಕ. ಮತ್ತೊಮ್ಮೆ ಓದಿ.

ಹಂತ 2: ಎರಡು ಪ್ರಶ್ನೆ ಕೇಳಿಕೊಳ್ಳಿ

ಒಂದು: ಕ್ರಮ ಮುಖ್ಯವಾ? ಎರಡು: ಒಮ್ಮೆ ತೆಗೆದದ್ದನ್ನು ಮತ್ತೆ ತೆಗೆಯಬಹುದಾ? ಎರಡಕ್ಕೂ ಹೌದು ಅಥವಾ ಇಲ್ಲ ಅಂದರೆ ನಾಲ್ಕು ಮನೆಗಳಾದವು. 10 ವಸ್ತುಗಳಿಂದ 3 ತೆಗೆಯುವುದನ್ನೇ ನೋಡಿ.

ಕ್ರಮ ಮುಖ್ಯ, ಮತ್ತೆ ತೆಗೆಯಬಹುದು: 10×10×10 = 1000.
ಕ್ರಮ ಮುಖ್ಯ, ಮತ್ತೆ ತೆಗೆಯುವಂತಿಲ್ಲ: 10×9×8 = 720.
ಕ್ರಮ ಬೇಡ, ಮತ್ತೆ ತೆಗೆಯುವಂತಿಲ್ಲ: 10ಸಿ3 = (10×9×8)/(3×2×1) = 120.
ಕ್ರಮ ಬೇಡ, ಮತ್ತೆ ತೆಗೆಯಬಹುದು: 12ಸಿ3 = 220.

ಎನ್‌ಪಿಆರ್, ಎನ್‌ಸಿಆರ್ ಎರಡೂ ನಡುವಿನ ಎರಡು ಮನೆಗಳಿಗೆ ಮಾತ್ರ. ಮೊದಲ ಮತ್ತು ಕೊನೆಯ ಮನೆಯ ಲೆಕ್ಕಕ್ಕೆ ಇವನ್ನು ಸುಮ್ನೆ ಹಾಕಿದರೆ ತಪ್ಪೇ ಬರುತ್ತದೆ. ಕೊನೆಯ ಮನೆ ಎಲ್ಲರಿಗೂ ಕಷ್ಟ. ಅದನ್ನು 8ನೇ ಹಂತದಲ್ಲಿ ಬಿಡಿಸಿದ್ದೇನೆ.

ಹಂತ 3: ಗುಣಿಸಬೇಕಾ, ಕೂಡಿಸಬೇಕಾ?

ಎರಡೂ ಕೆಲಸ ಮಾಡಬೇಕು ಅಂದರೆ ಗುಣಿಸಿ. ಇದೋ ಅದೋ ಒಂದನ್ನು ಮಾತ್ರ ಮಾಡಬೇಕು ಅಂದರೆ ಕೂಡಿಸಿ. ಇದು ಎಲ್ಲರಿಗೂ ಗೊತ್ತು. ಎಡವುವುದು "ಬೇಕಿದ್ದರೆ" ಎಂಬ ಕಡೆ.

ಕ್ಯಾತ್ಸಂದ್ರದ ಹೋಟೆಲೊಂದರಲ್ಲಿ ತಟ್ಟೆ ಇಡ್ಲಿ ಸೇರಿ 5 ಬಗೆಯ ತಿಂಡಿ, ಕಾಫಿ ಟೀ ಹಾಲು ಎಂದು 3 ಬಗೆಯ ಪಾನೀಯ ಇದೆ ಅಂತಿಟ್ಟುಕೊಳ್ಳಿ. ಒಂದು ತಿಂಡಿ ತೆಗೆದುಕೊಳ್ಳಲೇಬೇಕು, ಕುಡಿಯುವುದು ಬೇಕಿದ್ದರೆ ಮಾತ್ರ. ಉತ್ತರ 15 ಅಲ್ಲ. ಏನೂ ಕುಡಿಯದೇ ಇರುವುದೂ ಒಂದು ಆಯ್ಕೆ. ಹಾಗಾಗಿ 5×(3+1) = 20.

ಹಂತ 4: ಕಟ್ಟುಪಾಡು ಇರುವ ಜಾಗವನ್ನು ಮೊದಲು ತುಂಬಿ

"ಅಂಕಿಗಳು ಮರುಕಳಿಸದಂತೆ ಎಷ್ಟು ನಾಲ್ಕಂಕಿಯ ಸಮಸಂಖ್ಯೆಗಳನ್ನು ಬರೆಯಬಹುದು?" ಇದು ಹೆಚ್ಚುಕಡಿಮೆ ಎಲ್ಲಾ ಕಡೆ ಕೇಳುವ ಪ್ರಶ್ನೆ.

ಎಡಗಡೆಯಿಂದ ತುಂಬುತ್ತಾ ಹೋದರೆ ಕೊನೆಯ ಜಾಗದಲ್ಲಿ ಸಿಕ್ಕಿಬೀಳುತ್ತೀರಿ. ಹಿಂದಿನ ಜಾಗಗಳಲ್ಲಿ ಎಷ್ಟು ಸಮ ಅಂಕಿಗಳು ಖರ್ಚಾಗಿವೆಯೋ ಗೊತ್ತಿಲ್ಲ. ಬಲಗಡೆಯಿಂದ ಶುರು ಮಾಡಿದರೂ ತೊಂದರೆ ಇದೆ: ಕೊನೆಯಲ್ಲಿ 0 ಇಟ್ಟಿದ್ದೀರೋ ಇಲ್ಲವೋ ಎಂಬುದರ ಮೇಲೆ ಮೊದಲ ಜಾಗದ ಆಯ್ಕೆ ಬದಲಾಗುತ್ತದೆ.

ಎರಡು ಕಟ್ಟುಪಾಡುಗಳು ಒಂದಕ್ಕೊಂದು ಅಡ್ಡ ಬಂದಾಗ ಲೆಕ್ಕವನ್ನು ಸೀಳಿ.

ಕೊನೆಯಲ್ಲಿ 0 ಇದ್ದರೆ: ಉಳಿದ ಮೂರು ಜಾಗಕ್ಕೆ 9×8×7 = 504.
ಕೊನೆಯಲ್ಲಿ 2, 4, 6 ಅಥವಾ 8 ಇದ್ದರೆ: ಕೊನೆಗೆ 4 ಆಯ್ಕೆ. ಮೊದಲ ಜಾಗಕ್ಕೆ 0 ಬೇಡ, ಕೊನೆಯದೂ ಬೇಡ, ಹಾಗಾಗಿ 8. ನಡುವೆ 8, ಆಮೇಲೆ 7. ಒಟ್ಟು 4×8×8×7 = 1792.
ಕೂಡಿಸಿದರೆ 2296.

ಈಗ ತಾಳೆ ನೋಡಿ. ಇದೇ ತರದ ಬೆಸಸಂಖ್ಯೆಗಳು 5×8×8×7 = 2240. ಸಮ, ಬೆಸ ಸೇರಿದರೆ 4536. ಸಮ ಬೆಸ ಎಂಬ ಷರತ್ತು ಇಲ್ಲದೆ ನೇರವಾಗಿ ಎಣಿಸಿದರೆ 9×9×8×7, ಅದೂ 4536. ಕೂಡಿಕೊಂಡಿತು ಅಲ್ವಾ? ಹೀಗೆ ಎದುರು ಬದಿಯನ್ನೂ ಎಣಿಸಿ ಒಟ್ಟಿಗೆ ಹೊಂದಿಸುವುದು ನನಗೆ ಗೊತ್ತಿರುವ ಎಲ್ಲಕ್ಕಿಂತ ಗಟ್ಟಿ ತಾಳೆ.

ಹಂತ 5: "ಪಕ್ಕಪಕ್ಕ ಬರಬಾರದು" ಎಂದಾಗ

ತುಮಕೂರು ಎಂದು ಇಂಗ್ಲಿಷಿನಲ್ಲಿ ಬರೆಯಿರಿ: ಟಿ, ಯು, ಎಂ, ಎ, ಕೆ, ಯು, ಆರ್, ಯು. 8 ಅಕ್ಷರ, ಅದರಲ್ಲಿ ಯು 3 ಸಲ. ಇವನ್ನು ಜೋಡಿಸುವ ಒಟ್ಟು ವಿಧಗಳು 8!/3! = 6720. ಮೂರು ಯು ಅದಲುಬದಲಾದರೂ ಪದ ಅದೇ ಇರುತ್ತದೆ, ಅದಕ್ಕೇ 3!ರಿಂದ ಭಾಗಿಸಿದ್ದು.

ಮೂರೂ ಯು ಒಟ್ಟಿಗೇ ಇರಬೇಕು ಎಂದರೆ ಮೂರನ್ನೂ ಒಂದು ಕಟ್ಟು ಮಾಡಿ. ಕಟ್ಟು ಒಂದು, ಉಳಿದ ಅಕ್ಷರ 5, ಒಟ್ಟು 6 ವಸ್ತು. 6! = 720. ಕಟ್ಟಿನ ಒಳಗೆ ಇರುವುದೆಲ್ಲ ಯು ಆದ್ದರಿಂದ ಒಳಗಿನ ಜೋಡಣೆ ಒಂದೇ. ಬೇರೆ ಬೇರೆ ಅಕ್ಷರಗಳಿದ್ದರೆ ಒಳಗಿನದನ್ನೂ ಗುಣಿಸಬೇಕು. ಇದನ್ನು ಮರೆಯುವವರು ಬಹಳ.

ಈಗ ಕೇಳುತ್ತಾರೆ: ಯಾವ ಎರಡು ಯು ಕೂಡ ಪಕ್ಕಪಕ್ಕ ಬರಬಾರದು. ನೂರಕ್ಕೆ ತೊಂಬತ್ತು ಜನ ಅನ್ನಬಹುದು, 6720ರಿಂದ 720 ಕಳೆದು 6000 ಎಂದು ಬರೆಯುತ್ತಾರೆ. ತಪ್ಪು. ಮೂರೂ ಒಟ್ಟಿಗೆ ಇಲ್ಲದ ಜೋಡಣೆಗಳು 6000. ಅದರಲ್ಲಿ ಎರಡು ಯು ಜೊತೆಗಿದ್ದು ಮೂರನೆಯದು ದೂರ ಇರುವವೂ ಸೇರಿವೆ.

ಸರಿಯಾದ ದಾರಿ ಹೀಗೆ. ಯು ಬಿಟ್ಟು ಉಳಿದ 5 ಅಕ್ಷರಗಳನ್ನು ಮೊದಲು ನಿಲ್ಲಿಸಿ: 5! = 120. ಅವುಗಳ ನಡುವೆ ಮತ್ತು ಎರಡು ತುದಿಗಳಲ್ಲಿ ಒಟ್ಟು 6 ಸಂದುಗಳಿವೆ. ಒಂದು ಸಂದಿಗೆ ಒಂದೇ ಯು. 6 ಸಂದುಗಳಲ್ಲಿ 3 ಆರಿಸಿ: 6ಸಿ3 = 20. ಉತ್ತರ 120×20 = 2400.

ತಾಳೆಗೆ ಉಳಿದ ಗುಂಪನ್ನೂ ಎಣಿಸಿ. ಸರಿಯಾಗಿ ಎರಡು ಯು ಜೊತೆಗೆ, ಒಂದು ಬೇರೆ ಇರುವುದು: ಜೋಡಿಗೆ 6 ಸಂದು, ಒಂಟಿಗೆ ಉಳಿದ 5 ಸಂದು, 120×30 = 3600. ಈಗ 720 + 3600 + 2400 = 6720. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ.

ನೆನಪಿಡಿ: ಎರಡೇ ವಸ್ತುಗಳಾದರೆ "ಒಟ್ಟು ಕಳೆ ಒಟ್ಟಿಗಿರುವುದು" ಎಂಬ ದಾರಿ ಸರಿ ಹೋಗುತ್ತದೆ. ಮೂರು ಅಥವಾ ಹೆಚ್ಚು ಇದ್ದರೆ ಸಂದಿನ ದಾರಿಯನ್ನೇ ಹಿಡಿಯಿರಿ.

ಹಂತ 6: "ಕನಿಷ್ಠ" ಕಂಡರೆ ನಿಲ್ಲಿ

ಪ್ರಶ್ನೆಯಲ್ಲಿ "ಅಟ್ ಲೀಸ್ಟ್" ಇದ್ದರೆ ಅದರ ಕೆಳಗೆ ಎರಡು ಗೆರೆ ಎಳೆಯಿರಿ. ಅತಿ ಹೆಚ್ಚು ಅಂಕ ಹೋಗುವುದು ಇಲ್ಲಿಯೇ.

5 ಹುಡುಗರು, 4 ಹುಡುಗಿಯರು. 4 ಜನರ ಕ್ವಿಜ್ ತಂಡ ಮಾಡಬೇಕು, ಕನಿಷ್ಠ 2 ಹುಡುಗಿಯರು ಇರಲೇಬೇಕು. ಸಾಮಾನ್ಯವಾಗಿ ಬರೆಯುವುದು ಹೀಗೆ: "ಮೊದಲು 2 ಹುಡುಗಿಯರನ್ನು ಆರಿಸೋಣ, 4ಸಿ2 = 6. ಉಳಿದ 7 ಜನರಲ್ಲಿ ಯಾರಾದರೂ ಇಬ್ಬರು, 7ಸಿ2 = 21. ಒಟ್ಟು 126."

ಓದಲು ಸರಿಯಾಗಿಯೇ ಇದೆ. ಆದರೆ ಯಾವ ಷರತ್ತೂ ಇಲ್ಲದೆ 9 ಜನರಲ್ಲಿ 4 ಜನರನ್ನು ಆರಿಸಿ ನೋಡಿ: 9ಸಿ4 = 126. ಷರತ್ತು ಹಾಕಿದ ಮೇಲೂ ಒಂದೂ ಕಡಿಮೆಯಾಗಲಿಲ್ಲ! ನಾಲ್ಕೂ ಹುಡುಗರೇ ಇರುವ ತಂಡಗಳು ಎಲ್ಲಿ ಹೋದವು? ಇದೇ ಎಚ್ಚರಿಕೆಯ ಗಂಟೆ. ಷರತ್ತಿನ ಉತ್ತರ ಷರತ್ತಿಲ್ಲದ ಒಟ್ಟಿಗೆ ಸಮ ಬಂದರೆ ಅಥವಾ ಅದನ್ನು ಮೀರಿದರೆ ಅಲ್ಲೇ ನಿಲ್ಲಿ.

ತಪ್ಪು ಎಲ್ಲಾಯಿತು? ಮೂವರು ಹುಡುಗಿಯರಿರುವ ಒಂದು ತಂಡ ತೆಗೆದುಕೊಳ್ಳಿ. ಆ ಮೂವರಲ್ಲಿ ಯಾವ ಇಬ್ಬರನ್ನು "ಮೊದಲು" ಆರಿಸಿದಿರಿ ಎಂಬುದರ ಮೇಲೆ ಅದೇ ತಂಡ 3 ಸಲ ಲೆಕ್ಕಕ್ಕೆ ಬಂದಿದೆ. ನಾಲ್ವರೂ ಹುಡುಗಿಯರಿರುವ ತಂಡ 6 ಸಲ.

ಸರಿಯಾದದ್ದು, ಬಿಡಿಬಿಡಿಯಾಗಿ: 2 ಹುಡುಗಿಯರು 6×10 = 60, ಮೂವರು 4×5 = 20, ನಾಲ್ವರು 1. ಒಟ್ಟು 81. ಎದುರು ಬದಿಯಿಂದ, ಹುಡುಗಿಯರೇ ಇಲ್ಲದ 5 ಮತ್ತು ಒಬ್ಬಳೇ ಇರುವ 40 ತಂಡ ಕಳೆದರೆ: 126 − 5 − 40 = 81.

"ಕನಿಷ್ಠ ಒಂದು" ಎಂದಿದ್ದರಂತೂ ಎದುರು ಬದಿಯೇ ಸುಲಭ. ತುಮಕೂರಿನ ಗಾಡಿಗಳ ಕೆಎ 06 ನಂಬರ್ ಪ್ಲೇಟಿನ ಕೊನೆಯ ನಾಲ್ಕು ಅಂಕಿ ನೋಡಿ. ಕನಿಷ್ಠ ಒಂದು 6 ಇರುವ ಸಂಖ್ಯೆಗಳು ಎಷ್ಟು? 6ಕ್ಕೆ ಒಂದು ಜಾಗ ಆರಿಸಿ ಉಳಿದ ಮೂರನ್ನು ಹೇಗೋ ತುಂಬಿದರೆ 4×1000 = 4000 ಬರುತ್ತದೆ, ಅದು ತಪ್ಪು. 6 ಇಲ್ಲವೇ ಇಲ್ಲದವು 9×9×9×9 = 6561. ಹಾಗಾಗಿ 10000 − 6561 = 3439. 0000 ಎಂಬ ನಂಬರ್ ಕೊಡುವುದಿಲ್ಲವಲ್ಲ ಎಂದು ಕೇಳಿದರೆ, ಅದನ್ನು ಎರಡೂ ಕಡೆಯಿಂದ ತೆಗೆಯಿರಿ. ಉತ್ತರ ಬದಲಾಗುವುದಿಲ್ಲ.

ಹಂತ 7: ಎರಡು ಸಲ ಎಣಿಸಿದ್ದನ್ನು ಹಿಡಿಯಿರಿ

ಇದರಲ್ಲಿ ಎರಡು ಬಗೆ.

ಮೊದಲನೆಯದು ಹೆಸರಿಲ್ಲದ ಗುಂಪುಗಳು. 6 ಜನರನ್ನು ಲ್ಯಾಬಿನಲ್ಲಿ 3 ಜೋಡಿ ಮಾಡಬೇಕು. 6ಸಿ2 × 4ಸಿ2 × 2ಸಿ2 = 90. ಇದು ಸರಿಯಾ? ಜೋಡಿಗಳನ್ನು 1, 2, 3ನೇ ಸಿಸ್ಟಮ್ ಮುಂದೆ ಕೂರಿಸುವುದಾದರೆ ಸರಿ. ಬರೀ ಜೋಡಿ ಮಾಡುವುದಾದರೆ ಅದೇ ಮೂರು ಜೋಡಿಗಳು 3! ಸಲ ಬಂದಿವೆ. 90/6 = 15. ಅನುಮಾನ ಬಂದರೆ ಲೆಕ್ಕವನ್ನು ಚಿಕ್ಕದು ಮಾಡಿ. ಅ, ಆ, ಇ, ಈ ಎಂಬ ನಾಲ್ವರನ್ನು ಎರಡು ಜೋಡಿ ಮಾಡಿ: ಅಆ-ಇಈ, ಅಇ-ಆಈ, ಅಈ-ಆಇ. ಮೂರೇ. ಸೂತ್ರ ಮಾತ್ರ 4ಸಿ2 = 6 ಎಂದಿತ್ತು.

ಎರಡನೆಯದು ಒಂದರೊಳಗೊಂದು ಸೇರಿರುವ ಗಣಗಳು. 1ರಿಂದ 100ರವರೆಗೆ 4ರಿಂದ ಅಥವಾ 6ರಿಂದ ಭಾಗವಾಗುವ ಸಂಖ್ಯೆಗಳು ಎಷ್ಟು? 4ರಿಂದ 25, 6ರಿಂದ 16. ಎರಡರಿಂದಲೂ ಭಾಗವಾಗುವವನ್ನು ಒಮ್ಮೆ ಕಳೆಯಬೇಕು. ಇಲ್ಲಿ 4×6 = 24 ಎಂದು ಹಿಡಿದು 4 ಕಳೆಯುವವರಿದ್ದಾರೆ. 12 ಕೂಡ 4ರಿಂದಲೂ 6ರಿಂದಲೂ ಭಾಗವಾಗುತ್ತದಲ್ಲ? ಹಿಡಿಯಬೇಕಾದದ್ದು ಲ.ಸಾ.ಅ. 12ರಿಂದ ಭಾಗವಾಗುವವು 8. ಉತ್ತರ 25 + 16 − 8 = 33. ಪುಸ್ತಕಗಳಲ್ಲಿ 2, 3, 5 ಕೊಟ್ಟು ಅಭ್ಯಾಸ ಮಾಡಿಸುವುದರಿಂದ ಗುಣಿಸುವುದೇ ಅಭ್ಯಾಸವಾಗಿಬಿಡುತ್ತದೆ. ಅಲ್ಲಿ ಗುಣಲಬ್ಧವೂ ಲ.ಸಾ.ಅ.ವೂ ಒಂದೇ, ಅಷ್ಟೇ.

ಹಂತ 8: ಒಂದೇ ತರದ ವಸ್ತುಗಳನ್ನು ಹಂಚುವುದು

ತಿಪಟೂರಿನ ತೋಟದಿಂದ 10 ತೆಂಗಿನಕಾಯಿ ಬಂದಿವೆ. ಎಲ್ಲಾ ಒಂದೇ ತರ. ಅಕ್ಕನ ಮನೆ, ಅತ್ತೆ ಮನೆ, ಚಿಕ್ಕಮ್ಮನ ಮನೆ, ಮೂರಕ್ಕೂ ಹಂಚಬೇಕು. ಯಾರಿಗಾದರೂ ಒಂದೂ ಸಿಗದಿದ್ದರೂ ಸರಿ.

3ನ್ನು 10 ಸಲ ಗುಣಿಸಿ 59049 ಎನ್ನಬೇಡಿ. ಪ್ರತಿ ಕಾಯಿಯ ಮೇಲೂ ಬೇರೆ ಬೇರೆ ನಂಬರ್ ಬರೆದಿದ್ದರೆ ಮಾತ್ರ ಅದು ಸರಿ. ಇಲ್ಲಿ ಯಾರಿಗೆ ಎಷ್ಟು ಎಂಬುದಷ್ಟೇ ಲೆಕ್ಕ.

ಕಾಯಿಗೆ ಸೊನ್ನೆ, ಮನೆಗಳ ನಡುವೆ ಗೀಟು ಹಾಕಿ:

000|00000|00

ಅಂದರೆ ಅಕ್ಕನಿಗೆ 3, ಅತ್ತೆಗೆ 5, ಚಿಕ್ಕಮ್ಮನಿಗೆ 2. ಮೂರು ಮನೆಗೆ ಗೀಟು ಎರಡೇ ಸಾಕು. ಗೀಟು ಮೂರು ಹಾಕುವುದು ಇಲ್ಲಿನ ಮಾಮೂಲಿ ತಪ್ಪು. ಒಟ್ಟು 12 ಜಾಗ, ಅದರಲ್ಲಿ ಗೀಟಿಗೆ 2 ಜಾಗ: 12ಸಿ2 = 66. 2ನೇ ಹಂತದ ಕೊನೆಯ ಮನೆಯೂ ಇದೇ ಲೆಕ್ಕ: ತೆಗೆಯುವ 3ಕ್ಕೆ 3 ಸೊನ್ನೆ, 10 ವಸ್ತುಗಳ ನಡುವೆ 9 ಗೀಟು, ಒಟ್ಟು 12 ಜಾಗದಲ್ಲಿ ಸೊನ್ನೆಗೆ 3 ಜಾಗ, 12ಸಿ3 = 220.

ಎಲ್ಲರಿಗೂ ಕನಿಷ್ಠ ಒಂದು ಸಿಗಲೇಬೇಕು ಎಂದರೆ ಮೊದಲೇ ಒಂದೊಂದು ಕೊಟ್ಟುಬಿಡಿ. ಉಳಿದದ್ದು 7. ಸೊನ್ನೆ 7, ಗೀಟು 2: 9ಸಿ2 = 36. 6ನೇ ಹಂತದಲ್ಲಿ "ಮೊದಲೇ ಕೊಡುವುದು" ತಪ್ಪಾಗಿತ್ತು, ಇಲ್ಲಿ ಹೇಗೆ ಸರಿಯಾಯಿತು? ಕಾಯಿಗಳೆಲ್ಲ ಒಂದೇ ತರ, ಮೊದಲು ಕೊಟ್ಟದ್ದು ಯಾವುದು ಎಂಬ ಗುರುತೇ ಇಲ್ಲ. ಮನುಷ್ಯರಿಗೆ ಆ ಗುರುತು ಇದೆ.

ಹಂತ 9: ಪಾರಿವಾಳದ ಗೂಡಿನ ತತ್ವ

ಗೂಡುಗಳಿಗಿಂತ ಪಾರಿವಾಳ ಹೆಚ್ಚಿದ್ದರೆ ಯಾವುದೋ ಒಂದು ಗೂಡಿನಲ್ಲಿ ಒಂದಕ್ಕಿಂತ ಹೆಚ್ಚು ಇರಲೇಬೇಕು, ಇದೇ ತತ್ವ. ಇದರಲ್ಲಿ ಲೆಕ್ಕ ಕಡಿಮೆ. ಪಾರಿವಾಳ ಯಾವುದು, ಗೂಡು ಯಾವುದು ಎಂದು ಒಂದೊಂದು ಸಾಲು ಬರೆದರೆ ಅರ್ಧ ಮುಗಿಯಿತು. ಜಿಲ್ಲೆಯ 10 ತಾಲ್ಲೂಕುಗಳಿಂದ ಬಂದ ವಿದ್ಯಾರ್ಥಿಗಳಲ್ಲಿ ಒಂದೇ ತಾಲ್ಲೂಕಿನ 3 ಜನ ಇದ್ದೇ ಇರುತ್ತಾರೆ ಎನ್ನಲು ಕನಿಷ್ಠ ಎಷ್ಟು ಜನ ಬೇಕು? ಪಾರಿವಾಳ ವಿದ್ಯಾರ್ಥಿ, ಗೂಡು ತಾಲ್ಲೂಕು. 20 ಜನ ಸಾಲದು, ತಾಲ್ಲೂಕಿಗೆ ಇಬ್ಬರಂತೆ ಕೂತುಬಿಡಬಹುದು. 21 ಬೇಕು. ಉತ್ತರ ಪತ್ರಿಕೆಯಲ್ಲಿ 20 ಏಕೆ ಸಾಲದು ಎಂದೂ ಬರೆಯಿರಿ. "ಕನಿಷ್ಠ" ಎಂದು ಕೇಳಿರುವಾಗ ಆ ಸಾಲು ಇಲ್ಲದ ಉತ್ತರ ಅರ್ಧ ಉತ್ತರ.

ಹಂತ 10: ತಾಳೆ ನೋಡದೆ ಪುಟ ತಿರುಗಿಸಬೇಡಿ

ಮೊದಲು ಸಂಖ್ಯೆಗಳನ್ನು ಚಿಕ್ಕದು ಮಾಡಿ ಕೈಯಲ್ಲೇ ಪಟ್ಟಿ ಮಾಡಿ. 10 ಕಾಯಿ 3 ಮನೆ ಇದ್ದದ್ದನ್ನು 2 ಕಾಯಿ 2 ಮನೆ ಮಾಡಿ: (2,0), (1,1), (0,2), ಮೂರು ವಿಧ. ಗೀಟಿನ ದಾರಿ 3ಸಿ1 = 3 ಕೊಡುತ್ತದೆ. ತಪ್ಪು ದಾರಿ 4 ಕೊಡುತ್ತದೆ. ಅಲ್ಲೇ ಸಿಕ್ಕಿಬಿತ್ತು.

ಆಮೇಲೆ ಬೇಕಿದ್ದರೆ ಪೈಥಾನ್. ಅದರ ಐಟರ್‌ಟೂಲ್ಸ್‌ನಲ್ಲಿರುವ ಪರ್ಮ್ಯುಟೇಶನ್ಸ್ ಬಳಸಿದರೆ ಒಂದು ಎಚ್ಚರ: ಅದು ಮೂರು ಯು ಅಕ್ಷರಗಳನ್ನು ಜಾಗ ನೋಡಿ ಬೇರೆ ಬೇರೆ ಎಂದೇ ಎಣಿಸುತ್ತದೆ. ತುಮಕೂರಿನ ಅಕ್ಷರಗಳನ್ನು ಕೊಟ್ಟರೆ 40320 ಬರುತ್ತದೆ. ಬಂದದ್ದನ್ನು ಸೆಟ್‌ಗೆ (ಒಂದೇ ತರದವನ್ನು ಒಮ್ಮೆ ಮಾತ್ರ ಇಟ್ಟುಕೊಳ್ಳುವ ಪಟ್ಟಿ) ಹಾಕಿ ಎಣಿಸಿದರೆ 6720.

ಉತ್ತರ ಭಿನ್ನರಾಶಿ ಬಂದರೆ ಯೋಚಿಸುವ ಅಗತ್ಯವೇ ಇಲ್ಲ, ಎಲ್ಲೋ ಭಾಗಿಸಬಾರದ್ದನ್ನು ಭಾಗಿಸಿದ್ದೀರಿ.

ಅಭ್ಯಾಸಕ್ಕೆ ಐದು ಲೆಕ್ಕ

ಕೆಳಗಿನ ಉತ್ತರ ನೋಡದೆ ಮಾಡಿ. ಪ್ರತಿಯೊಂದಕ್ಕೂ ಮೊದಲ ಹಂತದ ನಮೂನೆ ಬರೆದೇ ಶುರು ಮಾಡಿ.

1. ಕೆ, ಒ, ಎಲ್, ಎ, ಆರ್: ಕೋಲಾರದ ಈ ಐದು ಇಂಗ್ಲಿಷ್ ಅಕ್ಷರಗಳನ್ನು ಒ ಮತ್ತು ಎ ಪಕ್ಕಪಕ್ಕ ಬರದಂತೆ ಎಷ್ಟು ವಿಧದಲ್ಲಿ ಜೋಡಿಸಬಹುದು?

2. 10 ತಾಲ್ಲೂಕುಗಳಲ್ಲಿ 4 ಆರಿಸಬೇಕು. ಶಿರಾ, ಪಾವಗಡ ಇವೆರಡರಲ್ಲಿ ಕನಿಷ್ಠ ಒಂದು ಇರಬೇಕು. ಎಷ್ಟು ವಿಧ?

3. 1ರಿಂದ 200ರವರೆಗೆ 6ರಿಂದಲೂ ಭಾಗವಾಗದ, 8ರಿಂದಲೂ ಭಾಗವಾಗದ ಸಂಖ್ಯೆಗಳೆಷ್ಟು?

4. 8 ಜನರನ್ನು ನಾಲ್ಕು ನಾಲ್ಕು ಜನರ, ಹೆಸರಿಲ್ಲದ ಎರಡು ತಂಡ ಮಾಡುವುದು ಎಷ್ಟು ವಿಧ?

5. ಒಂದೇ ತರದ 12 ಲಾಡುಗಳನ್ನು 4 ಮಕ್ಕಳಿಗೆ, ಪ್ರತಿಯೊಬ್ಬರಿಗೂ ಕನಿಷ್ಠ 2 ಸಿಗುವಂತೆ ಹಂಚುವುದು ಎಷ್ಟು ವಿಧ?

ಉತ್ತರಗಳು: 72, 140, 150, 35, 35. ಕೊನೆಯ ಎರಡು ಒಂದೇ ಬಂದದ್ದು ಕಾಕತಾಳೀಯ.

ತಪ್ಪಾಗಿದ್ದರೆ ನಿಮ್ಮ ಉತ್ತರವೇ ಎಲ್ಲಿ ತಪ್ಪಿತು ಎಂದು ಹೇಳುತ್ತದೆ. ಮೊದಲನೆಯದಕ್ಕೆ 96 ಬಂದಿದ್ದರೆ ಕಟ್ಟಿನ ಒಳಗಿನ ಜೋಡಣೆ ಮರೆತಿದ್ದೀರಿ, 5ನೇ ಹಂತಕ್ಕೆ ಹೋಗಿ. ಎರಡನೆಯದಕ್ಕೆ 168 ಬಂದಿದ್ದರೆ ಶಿರಾ ಮತ್ತು ಪಾವಗಡ ಎರಡೂ ಇರುವ 28 ಆಯ್ಕೆಗಳನ್ನು ಎರಡೆರಡು ಸಲ ಎಣಿಸಿದ್ದೀರಿ, ಅದು 6ನೇ ಹಂತದ ತಪ್ಪು. ಮೂರನೆಯದಕ್ಕೆ 146 ಬಂದಿದ್ದರೆ 24ರ ಬದಲು 48 ಹಿಡಿದಿದ್ದೀರಿ. 50 ಬಂದಿದ್ದರೆ ಲೆಕ್ಕ ಸರಿಯಾಗಿದೆ, ಕೇಳಿದ್ದು "ಭಾಗವಾಗದ" ಎಂಬುದನ್ನು ಓದಿಲ್ಲ. ನಾಲ್ಕನೆಯದಕ್ಕೆ 70 ಬಂದಿದ್ದರೆ ತಂಡಗಳಿಗೆ ನೀವೇ ಹೆಸರಿಟ್ಟಿದ್ದೀರಿ. ಐದನೆಯದಕ್ಕೆ 455 ಬಂದಿದ್ದರೆ ಷರತ್ತನ್ನೇ ಬಿಟ್ಟಿದ್ದೀರಿ. 165 ಬಂದಿದ್ದರೆ ಎರಡೆರಡು ಕೊಡುವ ಬದಲು ಒಂದೊಂದು ಕೊಟ್ಟಿದ್ದೀರಿ.